ಜಪಾನಿನ ಬೆಟ್ಟಗಳಲ್ಲಿ ಬೇಸಿಗೆಯ ಮಳೆ: ಹೊರಡುವ ಮುನ್ನ ‘ಯಾವ ಮಳೆ’ ಎಂದು ಕೇಳಿ

ಜುಲೈ ತಿಂಗಳಿಗೆ ಜಪಾನಿಗೆ ಟಿಕೆಟ್ ಮಾಡಿಸಿ, ನಡುವೆ ಮೂರು ದಿನ ಬೆಟ್ಟ ಹತ್ತುವುದೆಂದು ಗೊತ್ತುಮಾಡಿಕೊಂಡವರು ಹೊರಡುವ ವಾರ ಮೊಬೈಲಿನಲ್ಲಿ ಹವಾಮಾನ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಸೋಮವಾರದಿಂದ ಭಾನುವಾರದವರೆಗೆ ಸಾಲಾಗಿ ಕೊಡೆಯ ಚಿತ್ರ. ಗೆಳೆಯರ ಗುಂಪಿನಲ್ಲಿ ಕೂಡಲೇ ಎರಡು ಪಕ್ಷ ಹುಟ್ಟುತ್ತವೆ. ‘ಮಳೆಗಾಲದಲ್ಲಿ ಕುದುರೆಮುಖ ಹತ್ತಿಲ್ಲವೇ, ಇದೇನು ಮಹಾ’ ಎನ್ನುವವರು ಒಂದು ಕಡೆ. ‘ಎಲ್ಲ ರದ್ದು ಮಾಡಿ ಟೋಕಿಯೊದಲ್ಲೇ ಇದ್ದುಬಿಡೋಣ’ ಎನ್ನುವವರು ಇನ್ನೊಂದು ಕಡೆ. ಇಬ್ಬರ ತಪ್ಪೂ ಒಂದೇ. ಮಳೆ ಎಂದರೆ ಎಲ್ಲವೂ ಒಂದೇ ಮಳೆ ಎಂದುಕೊಂಡಿದ್ದಾರೆ.

ನಮ್ಮ ರೈತರು ಎಂದೂ ಹಾಗೆ ಎಂದುಕೊಂಡವರಲ್ಲ. ಅವರಿಗೆ ಮೃಗಶಿರಾ ಮಳೆ ಬೇರೆ, ಆರಿದ್ರಾ ಬೇರೆ, ಪುಷ್ಯ ಬೇರೆ. ಯಾವುದು ಬಿತ್ತನೆಗೆ, ಯಾವುದು ನಾಟಿಗೆ, ಯಾವುದನ್ನು ನಂಬಬಾರದು ಎಂಬುದು ಹೆಸರಿನಲ್ಲೇ ಗೊತ್ತಾಗುತ್ತದೆ. ಜಪಾನಿನಲ್ಲಿ ಬೆಟ್ಟ ಹತ್ತುವವರೂ ಮಳೆಯನ್ನು ಹೀಗೆಯೇ ಹೆಸರು ಹಿಡಿದು ಗುರುತಿಸುತ್ತಾರೆ. ಕೆಲವು ಮಳೆಯಲ್ಲಿ ಅವರು ನಿಶ್ಚಿಂತೆಯಿಂದ ನಡೆಯುತ್ತಾರೆ, ಕೆಲವು ಮಳೆಗೆ ಮಧ್ಯಾಹ್ನದೊಳಗೆ ಸೂರು ಸೇರುತ್ತಾರೆ, ಕೆಲವು ಮಳೆ ಬರುತ್ತದೆಂದರೆ ಬೆಟ್ಟದ ಬುಡಕ್ಕೂ ಹೋಗುವುದಿಲ್ಲ. ಯೆನ್ ಅಗ್ಗವಾದ ಮೇಲೆ, 2024ರಲ್ಲಿ 3.6 ಕೋಟಿಗೂ ಹೆಚ್ಚು ವಿದೇಶಿಯರು ಜಪಾನಿಗೆ ಹೋದರು. ಬೆಟ್ಟದ ದಾರಿಗಳಲ್ಲಿಯೂ ಹೊಸಬರ ಸಂಖ್ಯೆ ಏರುತ್ತಿದೆ. ಹಾಗಾಗಿ ಈ ತಿಳಿವಳಿಕೆ ಈಗ ನಮಗೂ ಬೇಕಾಗಿದೆ.

ಬೇಸಿಗೆ ಎಂದರೆ ಯಾವ ಬೇಸಿಗೆ?

ಮೊದಲು ಪದದ ಗೊಂದಲ ಬಿಡಿಸಿಕೊಳ್ಳೋಣ. ನಮಗೆ ಬೇಸಿಗೆ ಎಂದರೆ ಮಾರ್ಚ್‌ನಿಂದ ಮೇ. ಜಪಾನಿನಲ್ಲಿ ಅದು ಜೂನ್‌ನಿಂದ ಆಗಸ್ಟ್. ಅಲ್ಲಿ ಬೇಸಿಗೆಯೂ ಮಳೆಗಾಲವೂ ಒಂದರ ಮೇಲೊಂದು ಬಿದ್ದಿವೆ.

ಹಾಗಿದ್ದರೆ ಬೇರೆ ಕಾಲದಲ್ಲಿ ಹೋಗಬಾರದೇ? ಎತ್ತರದ ಬೆಟ್ಟಗಳ ಮಟ್ಟಿಗೆ ಅದು ಕಷ್ಟ. ದೇಶದ ಮುಕ್ಕಾಲು ಭಾಗ ಗುಡ್ಡಬೆಟ್ಟ. ಹೊನ್‌ಶು ದ್ವೀಪದ ನಡುವೆ ಜಪಾನಿ ಆಲ್ಪ್ಸ್ ಎಂದು ಕರೆಯುವ ಮೂರು ಸಾಲುಗಳಿವೆ. ಉತ್ತರದ ಸಾಲಿನಲ್ಲಿ 3,190 ಮೀಟರಿನ ಓಕು-ಹೊತಾಕಾ, 3,180 ಮೀಟರಿನ ಯಾರಿ; ದಕ್ಷಿಣದ ಸಾಲಿನಲ್ಲಿ 3,193 ಮೀಟರಿನ ಕಿತಾ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎಂಬುದನ್ನು ನೆನೆದರೆ ಎತ್ತರದ ಅಂದಾಜು ಸಿಗುತ್ತದೆ. ಈ ಶಿಖರಗಳಲ್ಲಿ ಜೂನ್ ಕಳೆದರೂ ಹಿಮ ಉಳಿದಿರುತ್ತದೆ, ಅಕ್ಟೋಬರಿನಲ್ಲಿ ಹೊಸ ಹಿಮ ಬೀಳತೊಡಗುತ್ತದೆ. ಸಾಮಾನ್ಯ ನಡಿಗೆಗಾರರಿಗೆ ಬಾಗಿಲು ತೆರೆದಿರುವುದು ಜುಲೈ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ. ಜಪಾನಿನ ಕೆಲಸಗಾರರಿಗೆ ರಜೆ ಸಿಗುವುದೂ ಆಗಲೇ: 2016ರಿಂದ ಆಗಸ್ಟ್ 11 ‘ಬೆಟ್ಟದ ದಿನ’ ಎಂಬ ರಾಷ್ಟ್ರೀಯ ರಜೆ, ಅದರ ಬೆನ್ನಿಗೇ ಪಿತೃಗಳನ್ನು ನೆನೆಯುವ ಓಬೊನ್ ಹಬ್ಬ. ಇರುವ ಹತ್ತು ವಾರಗಳಲ್ಲಿ ಮಳೆಯಿಲ್ಲದ ದಿನಕ್ಕೇ ಕಾಯುತ್ತೇನೆ ಎಂದರೆ ಆ ವರ್ಷ ಬೆಟ್ಟವೇ ಇಲ್ಲ.

ಹಣ್ಣು ಮಾಗುವ ಹೊತ್ತಿನ ಮಳೆ

ಮೊದಲ ಮಳೆಯ ಹೆಸರು ತ್ಸುಯು. ಇದನ್ನು ಬರೆಯುವ ಎರಡು ಅಕ್ಷರಗಳ ಅರ್ಥ ‘ಉಮೆ ಹಣ್ಣು’ ಮತ್ತು ‘ಮಳೆ’. ಉಮೆ ಎಂದರೆ ಉಪ್ಪಿನಕಾಯಿಗೆ ಹಾಕುವ ಹುಳಿ ಹಣ್ಣು. ಅದು ಮಾಗುವ ಕಾಲಕ್ಕೆ ಬರುವ ಮಳೆ ಇದು. ಟೋಕಿಯೊ ಮತ್ತು ಆಲ್ಪ್ಸ್ ಬೆಟ್ಟಗಳ ಬಹುಭಾಗ ಸೇರುವ ಪ್ರದೇಶದಲ್ಲಿ ಇದರ ವಾಡಿಕೆಯ ಅವಧಿ ಜೂನ್ 7ರಿಂದ ಜುಲೈ 19. ನಮ್ಮ ಪಂಚಾಂಗದ ಪಕ್ಕ ಇಟ್ಟು ನೋಡಿ: ಮೃಗಶಿರಾ ಹೊತ್ತಿಗೆ ಶುರುವಾಗಿ, ಆರಿದ್ರಾ ಪುನರ್ವಸು ದಾಟಿ, ಪುಷ್ಯ ಹುಟ್ಟುವಾಗ ನಿಲ್ಲುತ್ತದೆ.

ಇದು ಹುಟ್ಟುವ ಬಗೆ ಹೀಗಿದೆ. ಉತ್ತರದ ಓಖೋಟ್ಸ್ಕ್ ಸಮುದ್ರದ ಮೇಲೆ ತಣ್ಣನೆಯ ಗಾಳಿಯ ದೊಡ್ಡ ರಾಶಿ, ದಕ್ಷಿಣದ ಪೆಸಿಫಿಕ್ ಮೇಲೆ ಬಿಸಿ ಗಾಳಿಯ ರಾಶಿ. ಎರಡೂ ಜಪಾನಿನ ನೆತ್ತಿಯ ಮೇಲೆ ಎದುರುಬದುರಾಗುತ್ತವೆ. ಬಲದಲ್ಲಿ ಸಮಾನರಾದ ಇಬ್ಬರು ಜಟ್ಟಿಗಳು ಕೈ ಬೆಸೆದು ನಿಂತ ಹಾಗೆ. ಯಾರೂ ಬೀಳುವುದಿಲ್ಲ, ಯಾರೂ ಬಿಡುವುದಿಲ್ಲ. ಅವು ತಾಗುವ ಗೆರೆಯುದ್ದಕ್ಕೂ ವಾರಗಟ್ಟಲೆ ಮೋಡ ನಿಲ್ಲುತ್ತದೆ. ಗೆರೆ ಕೊಂಚ ದಕ್ಷಿಣಕ್ಕೆ ಸರಿದರೆ ಒಂದೆರಡು ದಿನ ಹೊಳವಾಗುತ್ತದೆ, ಮತ್ತೆ ಉತ್ತರಕ್ಕೆ ಬಂದರೆ ಮಳೆ. ಈ ಗೆರೆಗೆ ನೀರು ಉಣಿಸುವುದು ನೈಋತ್ಯದಿಂದ ಬೀಸುವ ಗಾಳಿ. ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಗಳ ಮೇಲಿಂದ ಹಾದು ಇಂಡೋಚೀನಾದ ಆಚೆಗೂ ಚಾಚುವ ಅದೇ ಮಹಾಪ್ರವಾಹದ ಭಾಗ ಅದು. ಅಂದರೆ ತ್ಸುಯು ನಮ್ಮ ಮುಂಗಾರಿನ ದೂರದ ದಾಯಾದಿ.

ತ್ಸುಯು ಸಾಮಾನ್ಯವಾಗಿ ಜಿಟಿಜಿಟಿ ಮಳೆ. ಕಾಡಿನೊಳಗಿನ ದಾರಿಯಲ್ಲಿ ನಡೆಯಲು ಅಡ್ಡಿಯಿಲ್ಲ. ಎಚ್ಚರ ಬೇಕಾಗುವುದು ಅದರ ಕೊನೆಯಲ್ಲಿ. ಹೊರಡುವ ಮುನ್ನ ಅದು ರಭಸ ತೋರಿಸುತ್ತದೆ. ಮೋಡಗಳು ಒಂದರ ಹಿಂದೊಂದು ರೈಲಿನ ಡಬ್ಬಿಗಳಂತೆ ಸಾಲುಗಟ್ಟಿ ಒಂದೇ ಜಾಗದ ಮೇಲೆ ಗಂಟೆಗಟ್ಟಲೆ ಸುರಿಯುತ್ತವೆ. 2018ರ ಜುಲೈಯಲ್ಲಿ ಪಶ್ಚಿಮ ಜಪಾನಿನಲ್ಲಿ 200ಕ್ಕೂ ಹೆಚ್ಚು ಜನ ತೀರಿಕೊಂಡದ್ದು, 2020ರ ಜುಲೈಯಲ್ಲಿ ಕುಮಾಮೊಟೊದ ಕುಮಾ ನದಿ ಉಕ್ಕಿದ್ದು ಈ ಕೊನೆಯ ಹಂತದ ಮಳೆಗೇ. ಇಂಥ ದಿನಗಳಲ್ಲಿ ಬೆಟ್ಟಕ್ಕೆ ಹೋಗುವ ರಸ್ತೆಗಳನ್ನೇ ಮುಚ್ಚುತ್ತಾರೆ. ಮೇಲಿದ್ದವರು ಇಳಿದು ಬಂದರೂ ಬಸ್ ಇರುವುದಿಲ್ಲ.

ಆಮೇಲೆ ಪೆಸಿಫಿಕ್ ಜಟ್ಟಿ ಗೆಲ್ಲುತ್ತಾನೆ. ಬಿಸಿ ಗಾಳಿಯ ರಾಶಿ ದೇಶವನ್ನೆಲ್ಲ ಆವರಿಸಿ ಆಕಾಶ ತಿಳಿಯಾಗುತ್ತದೆ. ಜಪಾನಿನ ಚಾರಣಿಗರು ‘ತ್ಸುಯು ಮುಗಿದ ಹತ್ತು ದಿನ’ ಎಂಬ ಮಾತನ್ನು ಗಾದೆಯಂತೆ ಬಳಸುತ್ತಾರೆ. ಇಡೀ ಬೇಸಿಗೆಯಲ್ಲಿ ಹವಾಮಾನ ಅತಿ ಸ್ಥಿರವಾಗಿರುವುದು ಆಗಲೇ ಎಂಬ ಅನುಭವದ ಮಾತು ಅದು. ಆದರೆ ಮುಗಿಯಿತೆಂದು ಸಾರಿದ ಮೇಲೂ ಅದು ಮರಳಿ ಬರುವುದುಂಟು. 2022ರಲ್ಲಿ ಟೋಕಿಯೊ ಪ್ರದೇಶದಲ್ಲಿ ಜೂನ್ 27ಕ್ಕೇ ತ್ಸುಯು ಮುಗಿಯಿತೆಂದು ಹವಾಮಾನ ಇಲಾಖೆ ಪ್ರಕಟಿಸಿತು. ಜುಲೈಯಲ್ಲಿ ಮತ್ತೆ ಮಳೆ ಹಿಡಿಯಿತು. ಕೊನೆಗೆ ಆ ದಿನಾಂಕವನ್ನು ಜುಲೈ 23ರ ಆಸುಪಾಸು ಎಂದು ತಿದ್ದಬೇಕಾಯಿತು. ಟಿಕೆಟ್ ಮಾಡಿಸುವವರು ಜುಲೈ 20ರ ನಂತರದ ದಿನಗಳನ್ನು ಆರಿಸಿಕೊಂಡರೆ ಒಳ್ಳೆಯದು, ಆದರೆ ಅದನ್ನು ಕಟ್ಟಿಟ್ಟ ಬುತ್ತಿ ಎಂದು ನಂಬಬಾರದು.

ಮಧ್ಯಾಹ್ನದ ಸಿಡಿಲು

ತ್ಸುಯು ಹೋದ ಮೇಲೆ ಬರುವುದು ಇನ್ನೊಂದು ಬಗೆಯ ಮಳೆ. ಬೆಳಿಗ್ಗೆ ಐದಕ್ಕೆ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಹತ್ತಕ್ಕೆ ಕಣಿವೆಯಿಂದ ಬಿಳಿ ಮಂಜು ಏಳುತ್ತದೆ. ಎರಡಕ್ಕೆ ಗುಡುಗು. ಇಡ್ಲಿ ಪಾತ್ರೆಯನ್ನು ನೆನೆಯಿರಿ. ಬಿಸಿಲಿಗೆ ಬೆಟ್ಟದ ಮೈ ಕಾದು ಕಣಿವೆಯ ಹಸಿ ಗಾಳಿ ಹಬೆಯಂತೆ ಮೇಲೇರುತ್ತದೆ, ಮೇಲೆ ತಣ್ಣನೆಯ ಮುಚ್ಚಳಕ್ಕೆ ತಗುಲಿ ಹನಿಗಟ್ಟುತ್ತದೆ. ಆ ಮೋಡ ಹತ್ತು ಕಿಲೋಮೀಟರಿಗೂ ಎತ್ತರಕ್ಕೆ ಬೆಳೆದರೆ ಸಿಡಿಲಿನ ಕಾರ್ಖಾನೆಯೇ ಸರಿ.

1967ರ ಆಗಸ್ಟ್ 1ರ ಮಧ್ಯಾಹ್ನ ನಿಶಿ-ಹೊತಾಕಾ ಬೆಟ್ಟದ 2,701 ಮೀಟರ್ ಎತ್ತರದ ಒಂದು ಬಂಡೆಶಿಖರದ ಬಳಿ, ಮಾತ್ಸುಮೊಟೊ ಊರಿನ ಪ್ರೌಢಶಾಲೆಯೊಂದರ ವಿದ್ಯಾರ್ಥಿಗಳ ಸಾಲಿಗೆ ಸಿಡಿಲು ಬಡಿಯಿತು. 11 ಮಕ್ಕಳು ಸತ್ತರು. ಬೆಟ್ಟದ ಬೆನ್ನಿನ ಮೇಲೆ ಮರವಿಲ್ಲ, ಮನೆಯಿಲ್ಲ. ಅಲ್ಲಿ ನಿಂತ ಮನುಷ್ಯನೇ ಎಲ್ಲಕ್ಕಿಂತ ಎತ್ತರದ ವಸ್ತು.

ಆದ್ದರಿಂದಲೇ ಜಪಾನಿನ ಬೆಟ್ಟಗಳಲ್ಲಿ ದಿನ ಶುರುವಾಗುವುದು ಕತ್ತಲಲ್ಲಿ. ‘ಬೇಗ ಹೊರಡು, ಬೇಗ ಸೇರು’ ಎಂಬುದು ಅಲ್ಲಿನ ಮೊದಲ ಪಾಠ. ನಾಲ್ಕು ಐದಕ್ಕೆ ಹೊರಟು, ತಡವೆಂದರೆ ಮಧ್ಯಾಹ್ನ ಮೂರರೊಳಗೆ ತಂಗುವ ಮನೆ ಸೇರಬೇಕು. ಸಂಜೆ ಐದಕ್ಕೆ ಬಂದು ಬಾಗಿಲು ತಟ್ಟಿದವನಿಗೆ ಮನೆಯ ಯಜಮಾನ ಗದರುವುದುಂಟು. ಅದರ ಹಿಂದೆ ಇರುವುದು ಕಾಳಜಿ. ದಾರಿಯಲ್ಲೇ ಗುಡುಗು ಕೇಳಿದರೆ ಬೆಟ್ಟದ ಬೆನ್ನಿನಿಂದ ಪಕ್ಕದ ಇಳಿಜಾರಿಗೆ ಇಳಿಯಬೇಕು, ಒಂಟಿ ಮರದ ಬುಡಕ್ಕೆ ಹೋಗಬಾರದು, ಗುಂಪಾಗಿ ನಿಲ್ಲದೆ ದೂರದೂರ ಸರಿದು ಕುಕ್ಕರಗಾಲಿನಲ್ಲಿ ಕೂರಬೇಕು.

ತೈಫೂನ್

ಮೂರನೆಯದು ತೈಫೂನ್. ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತದ ಜಾತಿಯದೇ. ವಾಯವ್ಯ ಪೆಸಿಫಿಕ್‌ನಲ್ಲಿ ವರ್ಷಕ್ಕೆ ಸರಾಸರಿ 25 ಹುಟ್ಟುತ್ತವೆ, ಅವುಗಳಲ್ಲಿ ಸುಮಾರು ಮೂರು ಜಪಾನಿನ ನೆಲ ತಾಗುತ್ತವೆ. ಆಗಸ್ಟ್, ಸೆಪ್ಟೆಂಬರ್ ಇವುಗಳ ಭರಾಟೆಯ ತಿಂಗಳು. ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ದಿನಗಳ ಮೊದಲೇ ಮುನ್ಸೂಚನೆ ಸಿಗುತ್ತದೆ, ಸಿಕ್ಕ ಕೂಡಲೇ ಯೋಜನೆ ಕೈಬಿಡಬೇಕು. ತೈಫೂನ್ ಇನ್ನೂ ಸಾವಿರ ಕಿಲೋಮೀಟರ್ ದೂರವಿರುವಾಗಲೇ ಅದು ತಳ್ಳುವ ಹಸಿ ಗಾಳಿ ಬೆಟ್ಟಗಳ ದಕ್ಷಿಣ ಮಗ್ಗುಲಿಗೆ ಭಾರಿ ಮಳೆ ತರಬಲ್ಲದು.

ಒದ್ದೆ ಮೈಗೆ ಬಡಿಯುವ ಗಾಳಿ

ಈ ಬರಹದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಪಶ್ಚಿಮ ಘಟ್ಟದಲ್ಲಿ ಮಳೆಗಾಲದ ಚಾರಣ ಮಾಡಿದವರ ಮೈಗೆ ಒಂದು ಪಾಠ ಅಂಟಿರುತ್ತದೆ: ನೆನೆದರೆ ಏನೂ ಆಗುವುದಿಲ್ಲ, ಹೆಚ್ಚೆಂದರೆ ನೆಗಡಿ. ಇಂಬಳ ಕಚ್ಚಿದರೆ ಸುಣ್ಣ, ಬಟ್ಟೆ ಒದ್ದೆಯಾದರೆ ಕೆಳಗಿಳಿದ ಮೇಲೆ ಬಿಸಿ ಕಾಫಿ. ಅಲ್ಲಿ ಆ ಪಾಠ ನಿಜ, ಏಕೆಂದರೆ ಘಟ್ಟದ ಮಳೆಯಲ್ಲಿಯೂ ಗಾಳಿ ಸಾಕಷ್ಟು ಬೆಚ್ಚಗಿರುತ್ತದೆ. ಅದೇ ಪಾಠವನ್ನು 3,000 ಮೀಟರಿಗೆ ಹೊತ್ತುಕೊಂಡು ಹೋದರೆ ಪ್ರಾಣಕ್ಕೆ ಬರುತ್ತದೆ.

ಲೆಕ್ಕ ಸರಳ. ಪ್ರತಿ 100 ಮೀಟರ್ ಏರಿದಂತೆ ಉಷ್ಣತೆ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಕೆಳಗೆ ಟೋಕಿಯೊದಲ್ಲಿ ಬೆವರು ಸುರಿಸುವ 33 ಡಿಗ್ರಿ ಇರುವ ದಿನ 3,000 ಮೀಟರಿನಲ್ಲಿ 15 ಡಿಗ್ರಿ. ಮೋಡ ಕವಿದು ಟೋಕಿಯೊದಲ್ಲೇ 25 ಇದ್ದರೆ ಮೇಲೆ 7. ಇನ್ನು ಗಾಳಿ: ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ ಮೈಗೆ ಒಂದು ಡಿಗ್ರಿ ಕಡಿಮೆ ಅನಿಸುತ್ತದೆ ಎಂಬುದು ಜಪಾನಿನ ಚಾರಣಿಗರ ಅಂದಾಜು ಸೂತ್ರ. ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್ ಗಾಳಿ ಬೆಟ್ಟದ ಬೆನ್ನಿನ ಮೇಲೆ ದೊಡ್ಡ ಮಾತೇ ಅಲ್ಲ. 7ರಲ್ಲಿ 10 ಕಳೆಯಿರಿ. ಜುಲೈ ತಿಂಗಳಲ್ಲಿ ಸೊನ್ನೆಗಿಂತ ಕೆಳಗಿನ ಚಳಿ.

ಇದಕ್ಕೆ ಒದ್ದೆ ಬಟ್ಟೆ ಸೇರಿದರೆ? ಬೇಸಿಗೆಯಲ್ಲಿ ಮಣ್ಣಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ಕಿಟಕಿಯಲ್ಲಿ ಇಡುತ್ತೇವಲ್ಲ, ಒಳಗಿನ ನೀರು ತಣ್ಣಗಾಗಲಿ ಎಂದು? ನೀರು ಆವಿಯಾಗುವಾಗ ಮಡಕೆಯ ಬಿಸಿಯನ್ನು ಹೊತ್ತೊಯ್ಯುತ್ತದೆ, ಗಾಳಿ ಹೆಚ್ಚಿದಷ್ಟೂ ಬೇಗ. ಬೆಟ್ಟದ ಮೇಲೆ ಆ ಮಡಕೆ ನೀವೇ. ಹತ್ತಿಯ ಬಟ್ಟೆ ನೀರು ಹೀರಿಕೊಂಡು ಬಿಡುವುದೇ ಇಲ್ಲ, ಆದ್ದರಿಂದ ಜೀನ್ಸ್ ಮತ್ತು ಹತ್ತಿಯ ಟೀ ಶರ್ಟ್ ಅಲ್ಲಿ ಅತ್ಯಂತ ಕೆಟ್ಟ ಉಡುಪು.

ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ಅದನ್ನು ಹೈಪೊಥರ್ಮಿಯಾ ಎನ್ನುತ್ತಾರೆ. ಮೊದಲು ತಡೆಯಲಾಗದ ನಡುಕ. ಆಮೇಲೆ ಬೆರಳು ಮಾತು ಕೇಳುವುದಿಲ್ಲ, ಜಿಪ್ ಎಳೆಯಲು ಬರುವುದಿಲ್ಲ. ಕಾಲು ಎಡವುತ್ತದೆ, ಮಾತು ತೊದಲುತ್ತದೆ. ಇನ್ನೂ ಇಳಿದರೆ ನಡುಕ ನಿಂತುಹೋಗುತ್ತದೆ. ನೋಡುವವರಿಗೆ ಸುಧಾರಿಸಿದಂತೆ ಕಾಣುತ್ತದೆ, ನಿಜಕ್ಕೂ ದೇಹ ಸೋತಿರುತ್ತದೆ. ಮಿದುಳು ಮಂಕಾಗುವುದರಿಂದ ತನಗೇನಾಗುತ್ತಿದೆ ಎಂದು ಆ ವ್ಯಕ್ತಿಗೇ ತಿಳಿಯುವುದಿಲ್ಲ. ಜೊತೆಯವರೇ ಗಮನಿಸಬೇಕು.

ತೊಮುರಾಉಶಿ, 2009

ಉತ್ತರದ ಹೊಕ್ಕೈಡೊ ದ್ವೀಪಕ್ಕೆ ತ್ಸುಯು ಇಲ್ಲ ಎಂದೇ ಹೇಳುತ್ತಾರೆ. ಉಳಿದ ದೇಶ ನೆನೆಯುವಾಗ ಚಾರಣಿಗರು ಅಲ್ಲಿಗೆ ಹೋಗಲು ಅದೂ ಒಂದು ಕಾರಣ. 2009ರ ಜುಲೈಯಲ್ಲಿ, ಮಾರ್ಗದರ್ಶಿಗಳೊಂದಿಗೆ ಹೋಗುವ ಒಂದು ಪ್ರವಾಸಿ ತಂಡ ಅಲ್ಲಿನ ದಾಯ್‌ಸೆತ್ಸು ಬೆಟ್ಟಸಾಲನ್ನು ದಾಟುತ್ತಿತ್ತು. ಬಹುತೇಕರು ಐವತ್ತು ಅರವತ್ತು ದಾಟಿದವರು. 15ರಂದು ಇಡೀ ದಿನ ಮಳೆಯಲ್ಲಿ ನಡೆದು ಹಿಸಾಗೊ ಕೊಳದ ಬಳಿಯ ಆಶ್ರಯಮನೆ ಸೇರಿದರು. ಬಟ್ಟೆಬರೆ ಒದ್ದೆ. 16ರ ಬೆಳಿಗ್ಗೆ ಗಾಳಿ ಮಳೆ ಎರಡೂ ಇದ್ದವು. ಮಧ್ಯಾಹ್ನದ ಹೊತ್ತಿಗೆ ಹವಾಮಾನ ಸುಧಾರಿಸಬಹುದೆಂಬ ನಿರೀಕ್ಷೆ ಇತ್ತು, ಮರುದಿನ ಊರಿಗೆ ಮರಳುವ ಯೋಜನೆ ಇತ್ತು, ಕೈಯಲ್ಲಿ ಮೀಸಲು ದಿನ ಇರಲಿಲ್ಲ. ಬೆಳಿಗ್ಗೆ ಐದೂವರೆಗೆ 15 ಪ್ರವಾಸಿಗರು, ಮೂವರು ಮಾರ್ಗದರ್ಶಿಗಳು ಹೊರಟರು.

ಅವರ ದಾರಿಯಲ್ಲಿದ್ದ ತೊಮುರಾಉಶಿ ಶಿಖರದ ಎತ್ತರ 2,141 ಮೀಟರ್ ಅಷ್ಟೇ. ಆದರೆ ಹೊಕ್ಕೈಡೊ ಬಹಳ ಉತ್ತರಕ್ಕಿರುವುದರಿಂದ ಅಲ್ಲಿನ 2,000 ಮೀಟರ್, ಹೊನ್‌ಶುವಿನ 3,000 ಮೀಟರಿಗೆ ಸಮ. ಮರಗಳು ಬಹಳ ಕೆಳಗೇ ನಿಂತುಬಿಡುತ್ತವೆ, ಮೇಲೆಲ್ಲ ಬಯಲು. ಉಷ್ಣತೆ 10 ಡಿಗ್ರಿಗಿಂತ ಕೆಳಗೆ, ಗಾಳಿ ಸೆಕೆಂಡಿಗೆ 20 ಮೀಟರಿನಷ್ಟು. ಶಿಖರದ ಬಳಿಯ ಕಿತಾ ಕೊಳ ಉಕ್ಕಿ ದಾರಿಗೆ ಅಡ್ಡಲಾಗಿ ಹರಿಯುತ್ತಿತ್ತು. ಒಬ್ಬೊಬ್ಬರನ್ನಾಗಿ ದಾಟಿಸಬೇಕಾಯಿತು. ದಾಟಿದವರು ಆಚೆ ಬದಿಯಲ್ಲಿ ಗಾಳಿಗೆ ಮೈಯೊಡ್ಡಿ ಬಹಳ ಹೊತ್ತು ಕಾದರು. ನಡೆಯುವಾಗ ದೇಹ ಬಿಸಿ ಹುಟ್ಟಿಸುತ್ತದೆ, ನಿಂತಾಗ ಅದು ನಿಂತುಹೋಗುತ್ತದೆ. ಅಲ್ಲಿಂದ ತಂಡ ಒಡೆಯಿತು, ಒಬ್ಬೊಬ್ಬರೇ ಕುಸಿದರು. ಆ ತಂಡದಲ್ಲಿ ಒಬ್ಬ ಮಾರ್ಗದರ್ಶಿ ಸೇರಿ ಎಂಟು ಜನ ಸತ್ತರು. ಅದೇ ಬೆಟ್ಟಸಾಲಿನಲ್ಲಿ ಅದೇ ಕೆಟ್ಟ ಹವೆಗೆ ಇನ್ನಿಬ್ಬರು ಬಲಿಯಾದರು. ಎಲ್ಲವೂ ಜುಲೈ ನಡುವಿನಲ್ಲಿ.

ಇಂಥ ಹೊತ್ತಿನಲ್ಲಿ ಬೆಚ್ಚನೆಯ ಬಟ್ಟೆ ಬೆನ್ನಚೀಲದಲ್ಲೇ ಇದ್ದರೂ ಉಪಯೋಗಕ್ಕೆ ಬರುವುದಿಲ್ಲ. ಮಳೆಯಲ್ಲಿ ಚೀಲ ಇಳಿಸಿ, ಮಳೆ ಅಂಗಿ ಬಿಚ್ಚಿ, ಒಳಗೆ ಇನ್ನೊಂದು ಪದರ ತೊಡುವುದಕ್ಕೆ ಯಾರಿಗೂ ಮನಸ್ಸಾಗದು. ಆದ್ದರಿಂದ ಗಾಳಿಯ ಬಯಲಿಗೆ ಹೊರಬೀಳುವ ಮೊದಲು, ಮರಗಳ ಮರೆ ಇರುವಾಗಲೇ ಆ ಪದರ ಮೈಮೇಲಿರಬೇಕು.

ಮಳೆಯಲ್ಲಿ ನಡೆಯುವವರು ಏನು ತೊಡುತ್ತಾರೆ?

ಅಂಗಿ ಪ್ಯಾಂಟು ಎರಡೂ ಇರುವ ಮಳೆಯುಡುಪು. ಜಪಾನಿಯರು ಇದನ್ನು ‘ಕಪ್ಪಾ’ ಎನ್ನುತ್ತಾರೆ, ಪೋರ್ಚುಗೀಸರಿಂದ ಬಂದ ಪದ. ಹೊರಗಿನ ನೀರು ಒಳಗೆ ಬಿಡದ, ಒಳಗಿನ ಬೆವರಿನ ಹಬೆಯನ್ನು ಹೊರಗೆ ಬಿಡುವ ಬಟ್ಟೆ ಅದು. ತೆಳು ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿದರೆ ಬೆವರಿನಿಂದಲೇ ಒಳಗೆ ನೆನೆಯುತ್ತೀರಿ. ಪೊಂಚೊ ಗಾಳಿಗೆ ಮುಖಕ್ಕೆ ಬಡಿಯುತ್ತದೆ. ಕೊಡೆ ಕೆಳಗಿನ ಕಾಡುದಾರಿಗೆ ಸರಿ, ಮೇಲೆ ಬೇಡ. ಮೈಗೆ ತಾಗುವ ಪದರ ಉಣ್ಣೆ ಅಥವಾ ಬೇಗ ಒಣಗುವ ಕೃತಕ ನೂಲಿನದ್ದು. ಚೀಲದ ಮೇಲಿನ ಹೊದಿಕೆಯನ್ನು ನಂಬದೆ, ಒಣಬಟ್ಟೆಯನ್ನು ಒಳಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಇನ್ನು ಜೇಬಿನಲ್ಲಿ ನಡೆಯುತ್ತಲೇ ತಿನ್ನುವ ತಿನಿಸು: ಚಿಕ್ಕಿ, ಒಣದ್ರಾಕ್ಷಿ, ಅನ್ನದುಂಡೆ, ಏನಾದರೂ. ದೇಹ ಒಲೆಯಾದರೆ ಇದು ಸೌದೆ. ಮಳೆಯಲ್ಲಿ ಕುಳಿತು ಉಣ್ಣಲಾಗದು ಎಂದು ಜನ ತಿನ್ನುವುದನ್ನೇ ಬಿಡುತ್ತಾರೆ, ತಣ್ಣಗಾಗುವುದು ಅಲ್ಲಿಂದಲೇ ಶುರು.

ಯೋಜನೆಯೊಳಗೇ ಮಳೆಗೆ ಜಾಗ

ಯಾರಿ ಶಿಖರದ ದಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬಸ್ ಬಿಡುವುದು 1,500 ಮೀಟರಿನ ಕಾಮಿಕೋಚಿಯಲ್ಲಿ. ಅಲ್ಲಿಗೆ ಸ್ವಂತ ಕಾರು ಬಿಡುವುದಿಲ್ಲ. ಅಜುಸಾ ಹೊಳೆಯ ದಡದಲ್ಲಿ ಯೊಕೋ ಎಂಬ ಜಾಗದವರೆಗೆ 11 ಕಿಲೋಮೀಟರ್ ಹೆಚ್ಚುಕಡಿಮೆ ಸಮತಟ್ಟಾದ ಕಾಡುದಾರಿ. ಜಿಟಿಮಳೆಯಲ್ಲೂ ಇದು ಹಿತವಾದ ನಡಿಗೆ. ಅಲ್ಲಿಂದ ಕಣಿವೆಯ ಏರು, ಆಮೇಲೆ ಮರಗಳು ಮುಗಿದು ಬಂಡೆಯ ಬಯಲು, ಕೊನೆಗೆ 3,080 ಮೀಟರಿನಲ್ಲಿ ಶಿಖರದ ಹೆಗಲ ಮೇಲೆ ಒಂದು ವಸತಿಮನೆ. ಶಿಖರಕ್ಕೆ ಉಳಿದ 100 ಮೀಟರ್ ಕಬ್ಬಿಣದ ಏಣಿ, ಸರಪಳಿಗಳ ನೇರ ಏರು.

ಮಳೆಯ ದೃಷ್ಟಿಯಿಂದ ನೋಡಿದರೆ ಇದು ಒಂದು ದಾರಿಯಲ್ಲ, ಮೂರು. ಹೊಳೆದಡದ ಭಾಗಕ್ಕೆ ತ್ಸುಯು ಅಡ್ಡಿಯಲ್ಲ. ಬಂಡೆಬಯಲಿಗೆ ಗಾಳಿಯ ಲೆಕ್ಕ ಬೇಕು. ಏಣಿಗಳಿಗೆ ಒಣ ಬಂಡೆಯೂ ಸಿಡಿಲಿಲ್ಲದ ಆಕಾಶವೂ ಬೇಕು. ಮಧ್ಯಾಹ್ನ ಮೋಡ ಕವಿದಿದ್ದರೆ ಹೆಗಲ ಮನೆಯಲ್ಲೇ ಮಲಗಿ ಬೆಳಿಗ್ಗೆ ಹತ್ತುತ್ತಾರೆ. ಹೀಗೆ ದಾರಿಯನ್ನು ತುಂಡು ಮಾಡಿ, ಪ್ರತಿ ತುಂಡಿನ ಕೊನೆಯಲ್ಲಿ ‘ಇಲ್ಲಿಂದ ಹಿಂತಿರುಗಬಹುದು’ ಎಂದು ಗುರುತು ಹಾಕಿಕೊಳ್ಳುವುದೇ ಯೋಜನೆಯ ತಿರುಳು. ಇದರ ಜೊತೆ ‘ಯೋಬಿಬಿ’, ಅಂದರೆ ಮೀಸಲು ದಿನ. ಮೂರು ದಿನದ ಚಾರಣಕ್ಕೆ ನಾಲ್ಕು ದಿನ ಇಟ್ಟುಕೊಳ್ಳುವುದು. ವಿಮಾನದ ಹಿಂದಿನ ದಿನದವರೆಗೂ ಬೆಟ್ಟ ತುಂಬಿಸಿಕೊಂಡವರು ನಿರ್ಧಾರವನ್ನು ಟಿಕೆಟ್ಟಿನ ಕೈಗೆ ಕೊಟ್ಟಂತೆ. ಅರ್ಧ ದಾರಿಯಿಂದ ಮರಳುವುದಕ್ಕೆ ‘ಧೈರ್ಯದ ಹಿಮ್ಮೆಟ್ಟುವಿಕೆ’ ಎಂಬ ಗೌರವದ ಹೆಸರೇ ಅಲ್ಲಿದೆ. ನನಗೆ ಆ ಮಾತು ಬಹಳ ಇಷ್ಟ.

ಬೆಟ್ಟದ ವಸತಿಮನೆಗೆ ‘ಯಾಮಾಗೋಯಾ’ ಎನ್ನುತ್ತಾರೆ. ಊಟ, ತಿಂಡಿ, ಹಾಸಿಗೆ ಸೇರಿ ಈಗ ಒಬ್ಬರಿಗೆ 10,000 ಯೆನ್ ದಾಟುತ್ತದೆ, ಮೊದಲೇ ಕಾಯ್ದಿರಿಸಬೇಕು. ಬರುವುದಿಲ್ಲವೆಂದಾದರೆ ತಪ್ಪದೆ ತಿಳಿಸಬೇಕು, ಇಲ್ಲವಾದರೆ ದಾರಿ ತಪ್ಪಿರಬಹುದೆಂದು ಅವರು ಆತಂಕಪಡುತ್ತಾರೆ. ಅಲ್ಲಿ ಮಳೆಯ ದಿನ ಎಲ್ಲರೂ ಮೊದಲು ಹುಡುಕುವುದು ‘ಕಾನ್ಸೋಶಿತ್ಸು’, ಒಣಗಿಸುವ ಕೋಣೆ. ಸಣ್ಣ ಕೋಣೆ, ನಡುವೆ ಧಗಧಗಿಸುವ ಹೀಟರ್, ಮೇಲೆ ಸಾಲು ಸಾಲು ಕೊಂಡಿಗಳಲ್ಲಿ ತೂಗುವ ಕೆಂಪು ನೀಲಿ ಮಳೆಯಂಗಿಗಳು, ಅವುಗಳಿಂದ ತೊಟ್ಟಿಕ್ಕುವ ನೀರು, ಒದ್ದೆ ಉಣ್ಣೆಯ ವಾಸನೆ. ಬೆಳಿಗ್ಗೆ ನಾಲ್ಕಕ್ಕೆ ಆ ಕೋಣೆಯಲ್ಲಿ ತಲೆದೀಪ ಕಟ್ಟಿಕೊಂಡ ಅಪರಿಚಿತರು ಪಿಸುಮಾತಿನಲ್ಲಿ ತಮ್ಮ ತಮ್ಮ ಕಾಲುಚೀಲ ಹುಡುಕುತ್ತಿರುತ್ತಾರೆ. ಬಿಸಿಯಾಗಿ ಒಣಗಿದ ಅಂಗಿಯನ್ನು ಮತ್ತೆ ತೊಡುವಾಗ ಆಗುವ ನೆಮ್ಮದಿ ಅನುಭವಿಸಿದವರಿಗೇ ಗೊತ್ತು.

ಹೊರಡುವ ಮೊದಲು ಇನ್ನೊಂದು ಕೆಲಸ: ‘ತೊಜಾನ್ ತೊದೊಕೆ’. ಯಾರು, ಯಾವ ದಾರಿ, ಯಾವ ದಿನ, ಯಾವಾಗ ಮರಳುವುದು ಎಂದು ಬರೆದು ಕೊಡುವ ಚೀಟಿ. ಗಿಫು, ನಾಗಾನೊ ಪ್ರಾಂತ್ಯಗಳ ಗೊತ್ತುಪಡಿಸಿದ ದಾರಿಗಳಲ್ಲಿ ಇದು ನಿಯಮವೇ ಆಗಿದೆ. ಇಂಟರ್‌ನೆಟ್ ಮೂಲಕವೂ ಕೊಡಬಹುದು. 2023ರಲ್ಲಿ ಜಪಾನಿನ ಬೆಟ್ಟಗಳಲ್ಲಿ ಅಪಾಯಕ್ಕೆ ಸಿಲುಕಿದವರು 3,568 ಮಂದಿ, ಅವರಲ್ಲಿ ಮೂರನೇ ಒಂದರಷ್ಟು ದಾರಿ ತಪ್ಪಿದವರು. ಕೆಟ್ಟ ಹವೆಯಲ್ಲಿ ಹೆಲಿಕಾಪ್ಟರ್ ಹಾರುವುದಿಲ್ಲ. ನಡೆದು ಬರುವ ರಕ್ಷಕರಿಗೆ ಎಲ್ಲಿ ಹುಡುಕಬೇಕೆಂದು ಹೇಳುವುದು ಆ ಚೀಟಿಯೇ.

ಮಂಜಿನಲ್ಲಿ ದಾರಿ, ಮಳೆಯಲ್ಲಿ ಹೊಳೆ

ಬಂಡೆಬಯಲಿನಲ್ಲಿ ಕಾಲುದಾರಿ ಎಂಬುದು ಇರುವುದಿಲ್ಲ. ಬಂಡೆಗಳ ಮೇಲೆ ಬಣ್ಣದ ಗುರುತುಗಳಿರುತ್ತವೆ: ಸೊನ್ನೆ ಇದ್ದರೆ ದಾರಿ, ಅಡ್ಡಗೆರೆಗಳ ಗುಣಾಕಾರ ಚಿಹ್ನೆ ಇದ್ದರೆ ದಾರಿಯಲ್ಲ. ದಟ್ಟ ಮಂಜಿನಲ್ಲಿ ಮುಂದಿನ ಸೊನ್ನೆ ಕಾಣುವ ತನಕ ಈಗಿನ ಸೊನ್ನೆಯನ್ನು ಬಿಡಬಾರದು. ಕಾಣದಿದ್ದರೆ ಹಿಂದಿನದಕ್ಕೆ ಮರಳಬೇಕು, ‘ಕೆಳಗಿಳಿದರೆ ಎಲ್ಲಾದರೂ ಊರು ಸಿಗುತ್ತದೆ’ ಎಂದು ಕಣಿವೆಗೆ ಇಳಿಯಬಾರದು. ಅಲ್ಲಿ ಸಿಗುವುದು ಜಲಪಾತ. ಹೊಳೆ ಉಕ್ಕಿದ್ದರೆ ಕಾಯುವುದೊಂದೇ ದಾರಿ. ದಿಢೀರನೆ ನುಗ್ಗುವ ನೀರಿಗೆ ಜಪಾನಿಯರು ‘ತೆಪ್ಪೋಮಿಜು’, ಬಂದೂಕಿನ ನೀರು ಎನ್ನುತ್ತಾರೆ. ನೀವು ನಿಂತಲ್ಲಿ ಮಳೆ ಇಲ್ಲದಿದ್ದರೂ ಮೇಲೆ ಸುರಿದದ್ದು ಗುಂಡಿನಂತೆ ಬರುತ್ತದೆ. ಬೇಸಿಗೆಯಲ್ಲೂ ಕರಗದ ಹಿಮದ ಕಣಿವೆಗಳಲ್ಲಿ ಮತ್ತೊಂದು ಅಪಾಯವಿದೆ: ಹಿಮದ ಮೇಲೆ ಉರುಳುವ ಬಂಡೆ ಸದ್ದು ಮಾಡುವುದಿಲ್ಲ. ಮಂಜಿನಲ್ಲಿ ಅದು ಕಾಣುವುದೂ ಇಲ್ಲ.

ಮುನ್ಸೂಚನೆಯನ್ನು ಓದುವುದು

ಮೊಬೈಲಿನ ಕೊಡೆಯ ಚಿತ್ರಕ್ಕೆ ಮರಳೋಣ. ಜಪಾನಿನ ಹವಾಮಾನ ಇಲಾಖೆ ‘ಮಳೆಯ ಸಾಧ್ಯತೆ ಶೇಕಡಾ 80’ ಎಂದರೆ, ಆರು ಗಂಟೆಗಳ ಆ ಅವಧಿಯಲ್ಲಿ ಕನಿಷ್ಠ 1 ಮಿಲಿಮೀಟರ್ ಮಳೆ ಬೀಳುವ ಸಾಧ್ಯತೆ 80 ಎಂದರ್ಥ. ಎಷ್ಟು ಮಳೆ, ಎಷ್ಟು ಗಾಳಿ ಎಂದು ಅದು ಹೇಳುವುದೇ ಇಲ್ಲ. ಜೊತೆಗೆ ಆ ಮುನ್ಸೂಚನೆ ಕೆಳಗಿನ ಊರಿನದ್ದು. ಮಾತ್ಸುಮೊಟೊ ಇರುವುದು ಸುಮಾರು 600 ಮೀಟರಿನಲ್ಲಿ, ನೀವು ಇರುವುದು ಅದಕ್ಕಿಂತ ಎರಡೂವರೆ ಕಿಲೋಮೀಟರ್ ಮೇಲೆ. ಆದ್ದರಿಂದ ಶಿಖರಗಳಿಗೆಂದೇ ಮುನ್ಸೂಚನೆ ಕೊಡುವ ಸೇವೆಗಳಲ್ಲಿ ಮೊದಲು ಗಾಳಿಯ ವೇಗ ನೋಡಬೇಕು. ಸೆಕೆಂಡಿಗೆ 15 ಮೀಟರ್ ಮೀರಿದರೆ, ಮಳೆ ಇರಲಿ ಇಲ್ಲದಿರಲಿ, ಬೆಟ್ಟದ ಬೆನ್ನೇರುವುದು ಬೇಡ. ನಕ್ಷೆ ಓದಬಲ್ಲವರು ವಾಯುಭಾರದ ಗೆರೆಗಳನ್ನು ನೋಡಲಿ: ಗೆರೆಗಳು ಹತ್ತಿರ ಹತ್ತಿರ ಇದ್ದಷ್ಟೂ ಗಾಳಿ ಜೋರು.

ಫುಜಿಗೆ ಹೋಗುವವರು ಕಣ್ಣಿನಿಂದಲೇ ನೋಡಬಹುದಾದ ಸೂಚನೆ ಒಂದಿದೆ. 3,776 ಮೀಟರಿನ ಆ ಒಂಟಿ ಬೆಟ್ಟದ ತಲೆಯ ಮೇಲೆ ತಟ್ಟೆಯಾಕಾರದ ಮೋಡ ಕೂತರೆ ‘ಫುಜಿ ಟೊಪ್ಪಿಗೆ ಇಟ್ಟಿತು’ ಎನ್ನುತ್ತಾರೆ ಸುತ್ತಲಿನವರು. ಮಳೆ ಹತ್ತಿರವಿದೆ, ಮೇಲೆ ಈಗಾಗಲೇ ಹಸಿ ಗಾಳಿ ಬಲವಾಗಿ ಬೀಸುತ್ತಿದೆ ಎಂದು ಅದರ ಅರ್ಥ. ರಾತ್ರಿಯೆಲ್ಲ ನಿಲ್ಲದೆ ಹತ್ತಿ ಚಳಿಗೆ ಕುಸಿಯುವವರು ಹೆಚ್ಚಾದ್ದರಿಂದ, 2025ರಿಂದ ಫುಜಿಯ ಎಲ್ಲ ದಾರಿಗಳಿಗೂ 4,000 ಯೆನ್ ಶುಲ್ಕವಿದೆ. ಮಧ್ಯಾಹ್ನ ಎರಡರಿಂದ ಬೆಳಗಿನ ಜಾವ ಮೂರರವರೆಗೆ ವಸತಿಮನೆ ಕಾಯ್ದಿರಿಸದವರನ್ನು ಬಿಡುವುದಿಲ್ಲ.

ಮಂಜಿನ ದಿನ ಹೊರಬರುವ ಹಕ್ಕಿ

ಬೆಟ್ಟ ಬೇಡವೆಂದಾದ ದಿನ ಕೆಳಗಿನ ಕಾಡು ಕಾದಿರುತ್ತದೆ. ಯಾತ್ಸುಗತಾಕೆ ಬೆಟ್ಟಸಾಲಿನ ಶಿರಾಕೊಮಾ ಕೊಳದ ಸುತ್ತ ನೂರಾರು ಜಾತಿಯ ಪಾಚಿಗಳು ನೆಲ, ಬಂಡೆ, ಬಿದ್ದ ಮರಗಳನ್ನೆಲ್ಲ ಮುಚ್ಚಿವೆ, ಅವು ಮೈದುಂಬಿ ನಿಲ್ಲುವುದು ಮಳೆಯಲ್ಲೇ. ಬೆಟ್ಟದ ಮೇಲೆ ಮಂಜು ಸರಿಯುವ ಹೊತ್ತಿಗೆ ಬೆನ್ನ ಹಿಂದಿನಿಂದ ಬಿಸಿಲು ಬಿದ್ದರೆ, ಮುಂದಿನ ಮಂಜಿನ ಮೇಲೆ ನಿಮ್ಮದೇ ನೆರಳು ಕಾಮನಬಿಲ್ಲಿನ ಉಂಗುರದ ನಡುವೆ ಮೂಡುತ್ತದೆ. ಹಿಂದಿನ ಕಾಲದ ಸನ್ಯಾಸಿಗಳು ಅದನ್ನು ಬುದ್ಧನೇ ಬಂದನೆಂದು ಕೈಮುಗಿದರು.

ಎತ್ತರದ ಆಲ್ಪ್ಸ್‌ನಲ್ಲಿ ರಾಯ್‌ಚೋ ಎಂಬ ಹಕ್ಕಿಯಿದೆ. ಕೋಳಿಗಿಂತ ಸ್ವಲ್ಪ ಚಿಕ್ಕದು, ಚಳಿಗಾಲದಲ್ಲಿ ಹಿಮದಷ್ಟು ಬಿಳಿ, ಬೇಸಿಗೆಯಲ್ಲಿ ಬಂಡೆಯ ಬಣ್ಣ. ಹೆಸರಿನ ಅಕ್ಷರಗಳ ಅರ್ಥ ‘ಗುಡುಗಿನ ಹಕ್ಕಿ’. ಆಕಾಶ ತಿಳಿಯಾಗಿದ್ದಾಗ ಹದ್ದು ಗಿಡುಗಗಳ ಭಯಕ್ಕೆ ಕುರುಚಲು ಪೈನ್ ಪೊದೆಗಳಲ್ಲಿ ಅಡಗಿರುವ ಇದು ಮಂಜು ಕವಿದ ದಿನ ಧೈರ್ಯವಾಗಿ ದಾರಿಗೇ ಬರುತ್ತದೆ. ಜುಲೈಯಲ್ಲಿ ಜೊತೆಗೆ ಮರಿಗಳೂ ಇರುತ್ತವೆ. ತಾಯಿ ದಾರಿ ದಾಟುತ್ತದೆ, ಹಿಂದೆ ಹತ್ತಿಯುಂಡೆಯಂಥ ಮರಿಗಳು ಒಂದೊಂದಾಗಿ ದಾಟುತ್ತವೆ, ನಡಿಗೆಗಾರರು ಎರಡೂ ಕಡೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.

ಆ ಮರಿಗಳು ಮೊಟ್ಟೆಯೊಡೆದು ಬರುವುದು ತ್ಸುಯು ಮಳೆಯ ನಡುವೆಯೇ. ಮೊದಲ ಕೆಲವು ವಾರ ಅವುಗಳ ಪುಟ್ಟ ಮೈ ತನ್ನ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳಲಾರದು. ಒದ್ದೆಯಾದರೆ, ಗಾಳಿ ಬೀಸಿದರೆ ಬಹಳಷ್ಟು ಸಾಯುತ್ತವೆ. ಅದಕ್ಕಾಗಿ ಕಿತಾ ಶಿಖರದ ಬಳಿ 2015ರಿಂದ ಕೆಲವು ಬೇಸಿಗೆ ಒಂದು ಕೆಲಸ ನಡೆಯಿತು. ತಾಯಿ ಮರಿಗಳನ್ನು ರಾತ್ರಿಯೂ ಕೆಟ್ಟ ಹವೆಯಲ್ಲೂ ಪಂಜರದ ಗೂಡಿನಲ್ಲಿ ಬೆಚ್ಚಗೆ ಇಟ್ಟು, ಹಗಲು ಹೊಳವಾದಾಗ ಹೊರಗೆ ಬಿಟ್ಟು, ಮೇಯುವ ಅವುಗಳ ಹಿಂದೆ ಜನ ಕಾವಲಿಗೆ ನಡೆಯುತ್ತಿದ್ದರು. ಸುಮಾರು ಒಂದು ತಿಂಗಳು ಕಳೆದು, ಮರಿಗಳು ಬಲಿತು, ಮಳೆಯ ಗೆರೆ ಉತ್ತರಕ್ಕೆ ಸರಿದ ಮೇಲೆ ಪಂಜರದ ಬಾಗಿಲನ್ನು ಮತ್ತೆ ಮುಚ್ಚುತ್ತಿರಲಿಲ್ಲ.